ಮೂರನೆಯ ಲೈನು

ಐದು ಲೈನಿದ್ದವು, ಐದೂ ಒಮ್ಮೆಗೇ ಮಿಣುಕುತ್ತಿದ್ದವು:
ನೀರು ಬರದ ಶ್ರೀರಾಂಪುರ, ಬೋನಸ್ ಕೊಡದ ಗಿರಣಿ,
ಅಳಿಯನ ಮೇಲೆ ದೂರು ಹೇಳಲೂ ಕ್ಯೂ.
ಈಗ ಮೂರನೆಯದೊಂದೇ. ಅದೂ ಜಬ್ಬಾರ್ ಸಾಹೇಬರು,
ಕಾಟನ್‌ಪೇಟೆ, ಟೈಲರು:
"ಮೇಡಂ, ಪಕ್ಕದಲ್ಲಿ ಲಿಫ್ಟ್ ಹಾಕಿದಾರೆ.
ಅದು ಹತ್ತುವಾಗ ನೀವು ಗೊರ್ ಅಂತೀರಿ,
ನಿಂತಾಗ ಮಾತಾಡ್ತೀರಿ."

ಟವರಿನ ಬುಡದಲ್ಲಿ ಬೆಳಿಗ್ಗೆ
ಯಾರೋ ಟೇಪು ಹಿಡಿದು ಅಳೆಯುತ್ತಿದ್ದರಂತೆ.
ಹೇಳಿದರು ಇಂಜಿನಿಯರ್ ಪುಟ್ಟಮಾದಯ್ಯ, ಟೀ ಮುಗಿಸಿ
ಕವಾಟದ ಬೀಗ ಎರಡು ಸಲ ಎಳೆದು ನೋಡಿದರು.

ವಿಷಯ ಏನಿವತ್ತು, ಎಂದೆ.
"ವಿಷಯ ಏನಿಲ್ಲ ಮೇಡಂ,
ಗಡಿಯಾರ ನಿಂತಿದೆ, ಟೈಮ್ ಹೇಳಿ."

ಇಡೀ ಬೆಂಗಳೂರಿಗೆ ಹೇಳಿದೆ:
ಒಂಬತ್ತು ಗಂಟೆ ನಲವತ್ತೊಂದು ನಿಮಿಷ.
ಆ ಕಡೆ ಕೀಲಿ ತಿರುಗುವ ಸದ್ದು,
ಆಮೇಲೆ ಲಿಫ್ಟು.