ದರಕು

ಎಲೆ ಒಣಗಿದ್ದು ಕಣ್ಣಿಗಲ್ಲ, ಕಿವಿಗೆ ಗೊತ್ತಾಗಬೇಕು
ಎನ್ನುತ್ತಾನೆ ಗುತ್ಯಪ್ಪ. ಮತ್ತಿಯ ಎಲೆಯೊಂದನ್ನೆತ್ತಿ
ನನ್ನ ಕಿವಿಯ ಹತ್ತಿರ ಹಿಡಿದು ಮುಷ್ಟಿ ಬಿಗಿಯುತ್ತಾನೆ.

ಸಂಕ್ರಾಂತಿಯಲ್ಲಿ ಮಡಚಿಕೊಳ್ಳುತ್ತಿತ್ತು, ತೊಗಲಿನ ಹಾಗೆ.
ಚಳಿ ಶಿವಶಿವಾ ಎಂದು ಓಡಿಹೋದ ಮೇಲೆ
ಮುರಿಯತೊಡಗಿತು, ಹಪ್ಪಳ.
ಇವತ್ತು ಸದ್ದೇ ಇಲ್ಲ.
ಬೆರಳು ಬಿಚ್ಚಿದರೆ ನಶ್ಯ.

ನಾವು ಬೆಂಕಿ ಕಾವಲಿನವರು, ಮೂರು ತಿಂಗಳ ದಿನಗೂಲಿ.
ಹೊಸನಗರದಾಚೆ ಎರಡು ಗುಡ್ಡ, ಒಂದು ಅಕೇಶಿಯಾ ತೋಪು,
ದಾರ ಕಿತ್ತುಹೋದ ಒಂದು ಊದುವ ಮಿಷನ್ನು.
ಇಬ್ಬನಿ ನಿಂತು ಇಪ್ಪತ್ತು ದಿನ.
ಹಳ್ಳದ ಕಲ್ಲಿನ ಮೇಲೆ ಪಾಚಿ
ಹಳೇ ಪೋಸ್ಟರಿನಂತೆ ಸುರುಳಿ ಎದ್ದಿದೆ.
ಹೂ ಬಿಟ್ಟು ನಿಂತಲ್ಲೇ ಸತ್ತ ಬಿದಿರು
ಗಾಳಿಗೆ ಹಲ್ಲು ಕಡಿಯುತ್ತದೆ.

ಬಿದಿರು ಬಿದಿರು ತಿಕ್ಕಿ ಬೆಂಕಿ ಹುಟ್ಟುತ್ತದಂತೆ, ಹೌದಾ?
"ನಲವತ್ತು ವರ್ಷ ನಾ ಕಂಡ ಬೆಂಕಿಗೆಲ್ಲ ಎರಡು ಕಾಲಿತ್ತು" ಎಂದ.
ಅವನ ಕಿವಿಯ ಸಂದಿಯಲ್ಲಿ ಹಚ್ಚದ ಬೀಡಿ,
ಮೊದಲ ಮಳೆಯವರೆಗೆ ಹರಕೆ.

ಮಧ್ಯಾಹ್ನ ಎರಡೂಕಾಲಿಗೆ ಗಾರ್ಡ್ ಇಮ್ತಿಯಾಜರ ಮೊಬೈಲಿಗೆ
ಆಕಾಶದಿಂದ ಒಂದು ಕೆಂಪು ಚುಕ್ಕೆ ಬಂತು.
ನಮ್ಮ ಮೂಗಿಗೆ ಬಂದು ಆಗಲೇ ಅರ್ಧ ಗಂಟೆ.

ಹಸಿ ಸೊಪ್ಪು ಮುರಿದು ಬಡಿದೆವು.
ಹಸಿ ಅನ್ನುವುದು ಹೆಸರಿಗೆ,
ಕೌಲಿನ ಟೊಂಗೆ ಮೂರನೇ ಏಟಿಗೆ ತಾನೇ ಹೊತ್ತಿಕೊಂಡಿತು.
"ಏರಿನಲ್ಲಿ ಓಡ್ತದೆ ಅದು, ಇಳುಕಲಲ್ಲಿ ಕುಂಟ್ತದೆ,
ಮೇಲೆ ನಿಲ್ಲಬೇಡ ಮಾರಾಯ, ಕೆಳಗೆ ಬಾ!"
ಹೊಗೆಯೊಳಗಿಂದ ಗುತ್ಯಪ್ಪನ ಗಂಟಲು ಮಾತ್ರ.
ರಾತ್ರಿ ಹತ್ತಕ್ಕೆ ಅದಕ್ಕೆ ಡಾಂಬರು ರಸ್ತೆ ಎದುರಾಯಿತು.
ದಾಟಲಿಲ್ಲ.

ಬೂದಿಯ ಆ ತುದಿಯಲ್ಲಿ ದ್ಯಾವಮ್ಮ ಕೂತಿದ್ದಳು
ಅರ್ಧ ಸುಟ್ಟ ಪೊರಕೆ ಹಿಡಿದು.
ಹಿತ್ತಲ ದರಕು ಗುಡಿಸಿ, ಉಣುಗು ಸಾಯಲಿ ಎಂದು ಕಡ್ಡಿ ಗೀರಿದ್ದಳು.
ಹೋದ ವರ್ಷ ಮಂಗನ ಕಾಯಿಲೆಯಲ್ಲಿ ಮಲಗಿದ ತಂಗಿ
ಹನ್ನೆರಡನೆಯ ದಿನ ಏಳಲಿಲ್ಲ.
"ಮೊರದಗಲ ಬೆಂಕಿ ಕಣಣ್ಣ. ಬೆಳಿಗ್ಗೆ ಗಾಳೀನೇ ಇರಲಿಲ್ಲ."

ರಿಜಿಸ್ಟರಿನಲ್ಲಿ ದಿನಾಂಕಕ್ಕೆ ಜಾಗವಿದೆ, ಎಕರೆಗಿದೆ, ಕಾರಣಕ್ಕಿದೆ.
ಇಮ್ತಿಯಾಜರು ಪೆನ್ನು ಕೊಟ್ಟು
ಜೀಪಿನ ಟಯರು ನೋಡಲು ಹೋದರು.
ತುಂಬಾ ಹೊತ್ತು ನೋಡಿದರು.
ಬಿಸಿಲು, ಎಂದು ಬರೆದೆ.

ಅಕೇಶಿಯಾ ತೋಪು ಇನ್ನೂ ಉಳಿದಿದೆ,
ಮೊಣಕಾಲೆತ್ತರ ದರಕು.
ಗುತ್ಯಪ್ಪ ಬಗ್ಗಿ ಒಂದು ಎಲೆ ಎತ್ತಿಕೊಂಡ,
ಅಂಗೈಯಲ್ಲಿಟ್ಟುಕೊಂಡ.
ಮುಷ್ಟಿ ಬಿಗಿಯಲಿಲ್ಲ.