ನಾಲ್ಕನೆಯ ತಂತಿ

ಅಬಾ ಪಟ್ಟಣ. ಚಪ್ಪಲಿಯ ಅಟ್ಟೆ ಎರೆಯುವ ಕಾರ್ಖಾನೆಯ ಹಿತ್ತಿಲು.
ಹರ್ಮಟಾನ್ ಗಾಳಿಯ ಧೂಳು ಹೊದ್ದ ತಗಡಿನ ಬೀರು:
ವೋಲ್ಟೇಜ್ ರೆಗ್ಯುಲೇಟರ್, ಹನ್ನೊಂದು ವರ್ಷ ದುಡಿದದ್ದು.
ಅದರೊಳಗಿನ ಮೋಟಾರು ಬೆಳಗಿನಿಂದ
ದಿನ ತುಂಬಿದ ಬಸುರಿಯ ಹಾಗೆ ಮಗ್ಗುಲು ಬದಲಿಸುತ್ತಿದೆ,
ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.

"ಹೊಸದು ತರಿಸಿದ್ದೇನೆ, ಕೂರಿಸು," ಅಂದಳು ಒಡತಿ ನ್ವಾನ್ಯಿಮ್ಮಾ.
"ಮೂರು ತಂತಿ ದಪ್ಪ, ಸರಿ. ನಾಲ್ಕನೆಯದೂ ಅಷ್ಟೇ ದಪ್ಪ ಯಾಕೆ?
ಏನೂ ಹೊರದವನಿಗೆ ಹೊಟ್ಟೆತುಂಬ ಊಟವೇ?"

ಓಜೊಎಮೆನ ಮಾತಾಡಲಿಲ್ಲ.
ಕ್ಲ್ಯಾಂಪ್ ಮೀಟರನ್ನು ಶಿಷ್ಯನ ಕೈಗಿತ್ತ.
ಉಜೋಚಿ ಗವಸು ತೊಟ್ಟು, ರಬ್ಬರ್ ಚಾಪೆಯ ಮೇಲೆ ನಿಂತು ಓದಿದ:
ಕೆಂಪಿನಲ್ಲಿ ಅರವತ್ತೆರಡು. ಹಳದಿಯಲ್ಲಿ ನಲವತ್ತೊಂದು. ನೀಲಿಯಲ್ಲಿ ಇಪ್ಪತ್ತೆಂಟು.
ಆಮೇಲೆ ಕಪ್ಪಿನಲ್ಲಿ,
ಎರಡು ಸಲ ನೋಡಿದ,
ಮೂವತ್ತನಾಲ್ಕು.

ಪೇಟೆ ಹೆಂಗಸರ ಇಸುಸು ಚೀಟಿಗೆ ಇಪ್ಪತ್ತು ವರ್ಷ ಲೆಕ್ಕ ಬರೆದವಳು ಅವಳು.
ಕೊಟ್ಟದ್ದು ಕೊಂಡದ್ದು ತಾಳೆಯಾಗದೆ ಉಳಿದ ಚಿಲ್ಲರೆ
ಯಾರದೋ ಉಡಿಯ ಗಂಟಿನಲ್ಲಿ ಮನೆ ಸೇರಲೇಬೇಕೆಂದು ಬಲ್ಲಳು.
"ಅಷ್ಟೇ ದಪ್ಪ ಇರಲಿ," ಅಂದಳು,
ದುಡ್ಡು ಎಣಿಸಲು ಒಳಗೆ ಹೋದಳು.

ಇದಕ್ಕೆ ತಟಸ್ಥ ಎಂದು ಹೆಸರಿಟ್ಟವರು ಯಾರೋ:
ತಟದಲ್ಲಿ ನಿಂತವನು, ಪಂಚೆ ಒದ್ದೆಯಾಗದವನು.
ಸುಳ್ಳು.
ಮೂರು ಹೊಳೆಗಳ ಜಗಳದ ಶೇಷವೆಲ್ಲ
ಇವನ ಮೈಮೇಲೆಯೇ ಹಿಂದಿರುಗುವುದು.
ಇವನು ಕಡಿದ ದಿನ ನಡುವೆಂಬುದೇ ಇಲ್ಲ.
ಹೊರೆ ಹೆಚ್ಚಿದ ಕಡೆ ದೀಪ ಕೆಂಪಗೆ ಸೊರಗುತ್ತದೆ,
ಹೊರೆ ಹಗುರಾದ ಕಡೆ ವೋಲ್ಟೇಜು ಮುನ್ನೂರು ದಾಟಿ
ಫ್ಯಾನು, ಫ್ರಿಜ್ಜು, ಗುಮಾಸ್ತನ ಕಂಪ್ಯೂಟರು ಹೊಗೆ.
ರೆಗ್ಯುಲೇಟರ್, ಪಾಪ, ಅಳತೆಗೋಲೇ ಕಳೆದುಹೋಗಿ
ಸರಿಪಡಿಸುತ್ತಿದ್ದೇನೆ ಅಂದುಕೊಂಡು ಕೆಡಿಸುತ್ತಿರುತ್ತದೆ.

ಮೇನ್ ಇಳಿಸಿದರು. ಜನರೇಟರಿನದನ್ನೂ.
ಬೀಗ. ಬೀಗದ ಕೈ ಉಜೋಚಿಯ ಜೇಬಿಗೆ.
ಬೀಗಕ್ಕೊಂದು ಕೆಂಪು ಚೀಟಿ: ಕೆಲಸ ನಡೆದಿದೆ, ಮುಟ್ಟಬೇಡಿ.
ಕೆಳಗೆ ಗುರುವಿನ ಹೆಸರು, ದಪ್ಪಕ್ಷರದಲ್ಲಿ.
ಟೆಸ್ಟರನ್ನು ಮೊದಲು ಪಕ್ಕದ ವೆಲ್ಡಿಂಗ್ ಅಂಗಡಿಯ ಪ್ಲಗ್ಗಿನಲ್ಲಿ ನೋಡು,
ಆಮೇಲೆ ಇಲ್ಲಿ, ಆಮೇಲೆ ಮತ್ತೆ ಅಲ್ಲಿ.
ಸತ್ತ ಟೆಸ್ಟರಿಗೆ ಲೋಕವೆಲ್ಲ ಸತ್ತಂತೆಯೇ.

ಹುಡುಗ ಹಳೆಯ ನೀಲಿಯನ್ನು ಹೊಸ ನೀಲಿಯ ಬಳಿಗೆ ತಂದ.
ಬಣ್ಣಕ್ಕೆ ಬಣ್ಣ, ಎಷ್ಟು ಸಹಜ!
ಓಜೊಎಮೆನ ಅವನ ಮುಂಗೈ ಹಿಡಿದ.
ಗೋಡೆಯೊಳಗಿನ ಹಳೆಯ ನೀಲಿ ಫೇಸು, ಕಪ್ಪು ನ್ಯೂಟ್ರಲ್;
ಹೊಸ ಕೇಬಲಿನಲ್ಲಿ ಕಪ್ಪು ಫೇಸು, ನೀಲಿ ನ್ಯೂಟ್ರಲ್.
ಕಾನೂನು ಬದಲಾಯಿತು, ಗೋಡೆ ಬದಲಾಗಲಿಲ್ಲ.
"ಕಣ್ಣನ್ನಲ್ಲ, ಮೀಟರನ್ನು ಕೇಳು."
ಹಿಡಿತ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಇತ್ತು.
ಒನಿಚಾದ ಗಿರಣಿಯಲ್ಲಿ, ಬಹಳ ಹಿಂದೆ,
ಇದು ಸತ್ತ ತಂತಿ ಎಂದು ನಗುತ್ತ ಬಿಚ್ಚಿದ ಒಬ್ಬನ ಹೆಸರು
ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು.

"ನ್ಯೂಟ್ರಲನ್ನೇ ಮೊದಲು ಬಿಗಿ. ಬಿಚ್ಚುವಾಗ ಅದೇ ಕೊನೆ.
ಅದರ ದಾರಿಯಲ್ಲಿ ಫ್ಯೂಸಿಡಬೇಡ.
ಅರ್ಥಿಂಗಿಗೂ ಅದಕ್ಕೂ ನೆಂಟಸ್ತಿಕೆ ಉಂಟು, ಇಲ್ಲಿ ಒಂದೇ ಒಲೆ ಇಲ್ಲ."
ಪಾನಾ ಟಕ್ ಎಂದಿತು. ಇನ್ನೊಮ್ಮೆ ಟಕ್.

ನಾಲ್ಕೂವರೆಗೆ ಲೈಟು ಬಂತು. ಬೀದಿಯ ಮಕ್ಕಳು ಕೂಗಿದರು.
ಹೊಸ ಬೀರು ಒಮ್ಮೆ ಗಂಟಲು ಸರಿಮಾಡಿಕೊಂಡು
ಮುಳ್ಳನ್ನು ಇನ್ನೂರ ಮೂವತ್ತರ ಮೇಲೆ ನಿಲ್ಲಿಸಿತು.
ಅಟ್ಟೆಗಳು ಒಂದೊಂದೇ ಬೀಳತೊಡಗಿದವು, ಬಿಸಿಬಿಸಿ.

ಸಂಜೆ ಕೇಕೆ ಗಾಡಿಯಲ್ಲಿ ಕುಲುಕುತ್ತ ಮನೆಗೆ ಹೋಗುವಾಗ
ಉಜೋಚಿಯ ಜೇಬಿನಲ್ಲಿ ಕೆಂಪು ಚೀಟಿ ಸಿಕ್ಕಿತು.
ಓಜೊಎಮೆನ.
ಮೊದಲಿನ ಕೂಸನ್ನು ಮಣ್ಣಿಗಿಟ್ಟು ಬಂದ ತಾಯಿ
ಎರಡನೆಯದಕ್ಕೆ ಇಟ್ಟ ಹೆಸರು:
ಮತ್ತೊಮ್ಮೆ ಹೀಗಾಗದಿರಲಿ.
ಬಿಸಾಡಲಿಲ್ಲ. ಮಡಚಿಟ್ಟುಕೊಂಡ.
ನಾಳೆ ಇನ್ನೊಂದು ಬೀಗವಿದೆ.