ಒದ್ದೆ ಕಾಗದ

ವಿಲ್ಯಾಂಡಿಯ ಆಚೆ, ಮಕ್ಕಳಿಲ್ಲದ ಆಗಸ್ಟಿನ ವಾಲ್ಡಾರ್ಫ್ ಶಾಲೆ.
ಕೋಟು ನೇತುಹಾಕುವ ಗೂಟಗಳಲ್ಲಿ ಅವರ ಹೆಸರಿನ ಚೀಟಿ ಮಾತ್ರ.
ನಾವು ಹದಿನೇಳು ಮೇಷ್ಟ್ರುಗಳು
ಮೊಣಕಾಲು ಗದ್ದಕ್ಕೆ ತಾಗುವ ಕುರ್ಚಿಗಳಲ್ಲಿ
ಮತ್ತೆ ಒಂದನೇ ಕ್ಲಾಸು.

ಹೆಲ್ವೆ ರೌಡ್‌ಸಿಕ್ ಬಂದರು. ಎಪ್ಪತ್ತೊಂದು ವಯಸ್ಸು.
ಸ್ವೆಟರಿನ ತೋಳಿಗೆ ಸೀಮೆಸುಣ್ಣದ ಹಿಟ್ಟು.
ಒಂದೇ ತರಗತಿಯ ಕೈಹಿಡಿದು ಎಂಟು ವರ್ಷ ನಡೆದು
ದಡ ಮುಟ್ಟಿಸಿ, ವಾಪಸು ಬಂದು ಮತ್ತೆ ಒಂದರಿಂದ ಹೊರಟು,
ಹಾಗೆ ಮೂರು ಸಲ ದಾಟಿದವರು.
ಟಿಪ್ಪಣಿ ಬರೆಸುತ್ತಾರೆ, ಬರೆದುಕೊಂಡು
ಊರಿಗೆ ಹೋದರಾಯಿತು ಎಂದುಕೊಂಡಿದ್ದೆ.
ಹಲಗೆಯ ಮೇಲೆ ನೆಟ್ಟಗೊಂದು ಗೆರೆ ಎಳೆದರು,
ಪಕ್ಕದಲ್ಲಿ ಬಾಗಿದ್ದೊಂದು.
"ಇವತ್ತಿಗೆ ಇಷ್ಟೇ."
ನಾನು ಹದಿನಾಲ್ಕು ವರ್ಷ ವಾಲ್ಗಾದಲ್ಲಿ ರಸಾಯನ ಹೇಳಿದವನು;
ಗಡಿಯಾರ ನೋಡಿದೆ. ಒಂಬತ್ತೂ ಹತ್ತು.

ಗೆರೆಯನ್ನು ಬರಿಗಾಲಲ್ಲಿ ನಡೆದೆವು. ಗಾಳಿಯಲ್ಲಿ ಬರೆದೆವು.
ರೀಗಾದಿಂದ ಬಂದ ಝೆಲ್ಮಾ ಬಾಗುವಲ್ಲಿ ಮುಗ್ಗರಿಸಿ
ತನ್ನ ಮೈಯನ್ನು ತಾನೇ ಬೈದುಕೊಂಡು ನಕ್ಕಳು.
ಮಧ್ಯಾಹ್ನದ ಹೊತ್ತಿಗೆ, ಗೆರೆ ಎಂದರೆ
ಎಲ್ಲಿಂದಲೋ ಎಲ್ಲಿಗೋ ಹೊರಟ ಯಾರೋ ಒಬ್ಬರು ಎನಿಸಿತು.
ಯಾರಿಗೂ ಹೇಳಲಿಲ್ಲ.

ಮರಗೆಲಸದ ಊಲೊ, ಒಂದು ಬೆರಳು ಕಡಿಮೆ ಇರುವವರು,
ಕಲ್ಲಿನಂಥ ಜೇನುಮೇಣದ ಉಂಡೆ ಅಂಗೈಗಿಟ್ಟು
ಹೊರಗೆ ಹೋಗಿ ಪೈಪು ಹಚ್ಚಿದರು.
ಮೆತ್ತಗಾಗುವವರೆಗೂ ಪಾಠವಿಲ್ಲ.
"ಅವಸರದವರ ಕೈ ತಣ್ಣಗಿರುತ್ತದೆ,"
ಬಾಗಿಲಲ್ಲಿ ಇಣುಕಿ ಅಂದದ್ದು ಇಷ್ಟೇ.
ನನ್ನ ಉಂಡೆ ಎಲ್ಲರದಕ್ಕಿಂತ ಕೊನೆಗೆ ಮೆತ್ತಗಾಯಿತು.

ಗುರುವಾರ ಕಾಗದ ನೆನೆಸಿದೆವು.
ಸ್ಪಂಜಿನಿಂದ ಒತ್ತಿ ಗುಳ್ಳೆ ತೆಗೆದು ಹಳದಿ ಇಟ್ಟರೆ
ಅದು ತನ್ನ ಪಾಡಿಗೆ ಹರಿಯಿತು;
ನೀಲಿ ಬಂದು, ಕೇಳದೆ, ಅದರೊಳಗೆ ಇಳಿಯಿತು.
ನನ್ನ ಪಕ್ಕದಲ್ಲಿ ತೂಲೆ. ಮೂವತ್ತೆಂಟರ ಹೆಂಗಸು,
ದ್ವೀಪದ ಶಾಲೆಯೊಂದರ ಟೀಚರು.
ಕುಂಚ ಎಡಗೈಯಲ್ಲಿತ್ತು.
ಹೆಲ್ವೆ ಬಂದು ನಿಂತರು. ನಿಂತೇ ಇದ್ದರು.
ಕುಂಚ ಬಲಗೈಗೆ ಹೋಯಿತು,
ಯಾರೂ ಹೇಳದೆ, ಏಟು ತಪ್ಪಿಸಿಕೊಳ್ಳುವ ವೇಗದಲ್ಲಿ.

ಮೊದಲ ಸುತ್ತಿನ ಮಗು ಇವಳು.
ಗಿಡವಾಗಿ ಬಗ್ಗಿದ್ದು
ಮರವಾಗಿಯೂ ಬಗ್ಗಿಯೇ ಇತ್ತು.

ಹೆಲ್ವೆ ಆ ಪುಟ್ಟ ಕುರ್ಚಿಯಲ್ಲಿ ಕೂತರು. ಕೂರಲು ಹೊತ್ತು ಹಿಡಿಯಿತು.
"ನನಗೆ ಹಾಗೆ ಕಲಿಸಿದ್ದರು, ಬಲಕ್ಕೆ ತಿರುಗಿಸಿದರೆ ಒಳ್ಳೆಯದೆಂದು.
ಬೈಯಲಿಲ್ಲ, ಹೊಡೆಯಲಿಲ್ಲ. ಹಾಡು ಹೇಳಿಕೊಂಡು,
ಮಮತೆಯಿಂದಲೇ ತಿರುಗಿಸಿದೆ. ದಿನಾ.
ಆಮೇಲೆ ಇದೇ ಕೋಣೆಯಲ್ಲಿ ಆರು ಬೇಸಿಗೆ
ನಿಮ್ಮಂಥವರಿಗೂ ಅದನ್ನೇ ಹೇಳಿಕೊಟ್ಟೆ.
ಅವರೆಲ್ಲ ಬರೆದುಕೊಂಡು ಹೋದರು.
ಈಗ ನೀವು ಬರೆದುಕೊಳ್ಳಿ: ತಪ್ಪು."

ಪೆನ್ನು ನನ್ನ ಜೇಬಿನಲ್ಲೇ ಇತ್ತು.
ತೆಗೆಯಲಾಗಲಿಲ್ಲ.

ತೂಲೆ ಪರವಾಗಿಲ್ಲ ಅನ್ನಲಿಲ್ಲ.
ಹಸಿರು ಕಾಗದದ ಅಂಚು ದಾಟಿ ಮಣೆಗೆ ಇಳಿಯುತ್ತಿತ್ತು.
"ಇಲ್ಲಿ ಸ್ವಲ್ಪ ಹಿಡೀರಿ," ಅಂದಳು, ಸ್ಪಂಜು ತಳ್ಳಿ.
ಹೆಲ್ವೆ ಹಿಡಿದರು. ಎರಡೂ ಕೈಯಲ್ಲಿ.
ಕುಂಚ ಮತ್ತೆ ಯಾವ ಕೈಗೆ ಹೋಯಿತೆಂದು
ನಾನು ನೋಡಲಿಲ್ಲ; ನೋಡಬಾರದೆನಿಸಿತು.

ರಾತ್ರಿ ಮಲಗುವ ಮುಂಚೆ ಒಂದು ಮಗುವನ್ನು ನೆನೆಯಬೇಕು,
ಅದು ಕೊಟ್ಟಿದ್ದ ಮನೆಕೆಲಸ. ಇಷ್ಟದ ಮಗು ಬೇಡ, ಅಂದಿದ್ದರು.
ಕಿವಿ ಹೇಗಿವೆ, ಮೆಟ್ಟಿಲು ಹೇಗೆ ಇಳಿಯುತ್ತದೆ,
ಸುಮ್ಮನಿರುವಾಗ ಬಾಯಿ ಹೇಗಿರುತ್ತದೆ.

ವಾಪಸು ಬಸ್ಸಿನಲ್ಲಿ, ಕಿಟಕಿಗೆ ತಲೆ ಆನಿಸಿ
ನಮ್ಮ ಕೊನೇ ಬೆಂಚಿನ ಕಾಸ್ಪರನನ್ನು ಕರೆದೆ.
ಬಂದ. ಮಾಸಿದ ಬೂಟು, ತುಟಿಯಲ್ಲಿ ಸಿಪ್ಪೆ,
ಪ್ರಯೋಗಶಾಲೆಯಲ್ಲಿ ಎರಡು ಸಲ ಒಡೆದ ಗಾಜು.
ಪುಸ್ತಕ ತೆರೆದ.
ಯಾವ ಕೈಯಲ್ಲಿ ಬರೆಯುತ್ತಾನೆ?

ಹಾಡು ಹಗಲಲ್ಲಿ ಮೂರು ವರ್ಷ ಎದುರಿಗಿದ್ದವನು.
ಶಾಲೆ ತೆರೆಯಲು ಇನ್ನೂ ಹತ್ತು ದಿನ.